ಹೆಗಲು ಸಂಘ

ನನ್ನ ಗಂಡನ ಮೇಲೆ ಚೀಲದ ಅಟ್ಟಿ ಕುಸಿದಾಗ ನಾನು ಹದಿನೈದು ಹೆಜ್ಜೆ ದೂರದಲ್ಲಿ ಕೂತು ಚೀಲದ ಬಾಯಿ ಹೊಲಿಯುತ್ತಿದ್ದೆ. ಶಬ್ದ ದೊಡ್ಡದಾಗಿರಲಿಲ್ಲ. ಕಾಳು ತುಂಬಿದ ಚೀಲ ಬಿದ್ದರೆ ಧಡಾರ್ ಅನ್ನುವುದಿಲ್ಲ, ಧಪ್ ಅನ್ನುತ್ತದೆ. ಧಪ್, ಧಪ್, ಧಪ್. ಆಮೇಲೆ ದೂಳು. ದೂಳಿನೊಳಗಿಂದ ಯಾರೋ ಕೂಗಿದರು. ಅವನು ಕೂಗಲಿಲ್ಲ.

ಅಟ್ಟಿಯ ತಳದ ಸಾಲು ಕೊಳೆತಿತ್ತು. ಅದು ನನಗೆ ಗೊತ್ತಿತ್ತು. ಗೋಣಿ ಕೊಳೆತದ್ದು ಮೊದಲು ಗೊತ್ತಾಗುವುದು ಹೊಲಿಯುವವರಿಗೆ. ದಬ್ಬಣ ಚುಚ್ಚಿದರೆ ಹಿಡಿತ ಸಿಗುವುದಿಲ್ಲ, ಬೆಣ್ಣೆಯೊಳಗೆ ಹೋದ ಹಾಗೆ ಹೋಗಿಬಿಡುತ್ತದೆ. ಎರಡು ದಿನ ಮೊದಲೇ ಮೇಸ್ತ್ರಿಗೆ ಹೇಳಿದ್ದೆ. ಮೇಸ್ತ್ರಿ ಯಜಮಾನನನ್ನು ಕರೆತಂದ. ಯಜಮಾನ ಬೂಟಿನ ತುದಿಯಿಂದ ತಳದ ಚೀಲ ಒತ್ತಿ ನೋಡಿದ.

"ಇನ್ನೂ ನಾಲ್ಕು ಸಾಲು ತಡೆಯತ್ತೆ, ಏರಿಸಿ," ಅಂದ. ನನ್ನ ಕಡೆ ತಿರುಗಿ, "ನೀನು ಹೊಲಿ. ಅಟ್ಟಿ ಕಟ್ಟೋದು ಗಂಡಸರಿಗೆ ಬಿಡು," ಅಂದ.

ಏರಿಸಿದರು. ನನ್ನ ಗಂಡನೇ ಏರಿಸಿದ.

ಚೀಲ ಸರಿಸಿ ಅವನನ್ನು ಹೊರಗೆಳೆದರು. ಎದೆ ಚಪ್ಪಟೆಯಾಗಿತ್ತು. ಮೂಗಿನ ತುಂಬ, ಬಾಯಿಯ ತುಂಬ ಕಾಳು. ನಾನು ಒಂದೊಂದೇ ಕಾಳು ತೆಗೆದೆ. ಲಾರಿಗಳು ಬಾಗಿಲಲ್ಲಿ ನಿಂತಿದ್ದವು. ಯಜಮಾನ ಕೈಗಡಿಯಾರ ನೋಡಿಕೊಂಡು, "ಪಕ್ಕಕ್ಕೆ ಮಲಗಿಸಿ, ಲೋಡು ಮುಗೀಲಿ," ಅಂದ. ಗೋಡೆಯ ಬದಿಗೆ ಮಲಗಿಸಿ ಖಾಲಿ ಗೋಣಿ ಹೊದಿಸಿದರು. ಸೈರನ್ ಆಗುವವರೆಗೂ ಹಮಾಲರು ಅವನ ಪಕ್ಕದಲ್ಲೇ ಚೀಲ ಹೊತ್ತು ಓಡಾಡಿದರು. ಅವರಲ್ಲೊಬ್ಬ ಅವನ ಒಡಹುಟ್ಟಿದ ತಮ್ಮ, ನನ್ನ ಮೈದುನ. ಬೆನ್ನ ಮೇಲೆ ಚೀಲ, ಎರಡೂ ಕೈ ಚೀಲದ ಕಿವಿ ಹಿಡಿದಿದ್ದವು. ಕಣ್ಣೊರೆಸಿಕೊಳ್ಳಲು ಅವನಿಗೆ ಕೈ ಬಿಡುವಿರಲಿಲ್ಲ.

ಊರಲ್ಲಿ ದೊಡ್ಡವರದ್ದೊಂದು ಸೋದರ ಸಭೆ ಇತ್ತು. ವಕೀಲರು, ಡಾಕ್ಟರು, ನಮ್ಮ ಯಜಮಾನನಂಥ ಗೋದಾಮಿನವರು ಅದರಲ್ಲಿದ್ದರು, ಒಬ್ಬರನ್ನೊಬ್ಬರು ಸೋದರ ಅನ್ನುತ್ತಿದ್ದರು. ಅವರ ಹತ್ತಿರ ಹೆಣ ಸಾಗಿಸುವ ಕರಿ ಗಾಡಿಯೊಂದಿತ್ತು. ಅದಕ್ಕೆ ಗಾಜಿನ ಕಿಟಕಿ, ಕಿಟಕಿಗೆ ಪರದೆ. ಮೈದುನ ಹೋಗಿ ಅದನ್ನು ಕೇಳಿದ. ಕಾವಲಿನವನು ಗೇಟು ತೆರೆಯದೆಯೇ, "ಇದು ಸೋದರರಿಗೆ ಮಾತ್ರ," ಅಂದ.

"ಸತ್ತವನು ನನ್ನ ಸ್ವಂತ ಅಣ್ಣ ಕಣಯ್ಯಾ."

"ನಿನ್ನ ಅಣ್ಣ ಇರಬಹುದು. ಅವರ ಅಣ್ಣ ಅಲ್ವಲ್ಲ."

ಗೋದಾಮಿನ ತಳ್ಳುಗಾಡಿಯಲ್ಲೇ ಒಯ್ದೆವು. ಗಾಡಿ ಗಿಡ್ಡ, ಅವನು ಉದ್ದ. ಮೊಣಕಾಲಿನ ಕೆಳಗಿನದ್ದೆಲ್ಲ ಹೊರಗೆ ಜೋತಾಡುತ್ತಿತ್ತು. ಪೇಟೆಯ ನಡುವೆ ಚರಂಡಿಗೆ ಚಕ್ರ ಇಳಿಯಿತು. ಅವನು ಅರ್ಧ ಮೈ ರಸ್ತೆಗೆ ಜಾರಿದ. ಅಂಗಡಿಯ ಮೆಟ್ಟಿಲ ಮೇಲೆ ನಿಂತವರೊಬ್ಬರು, "ಸ್ವಲ್ಪ ಬೇಗ ಬೇಗ," ಅಂದರು. ದಾರಿಗೆ ಅಡ್ಡವಾಗಿತ್ತು ಅಂತ. ನಾನು ಅವನ ತಲೆ ಎತ್ತಿದೆ, ಮೈದುನ ಕಾಲು ಎತ್ತಿದ. ಮತ್ತೆ ಮೇಲೆ ಹಾಕಿದೆವು. ಚೀಲ ಹಾಕಿದ ಹಾಗೆ.

ಮಣ್ಣು ಮಾಡಿ ಬಂದ ಆರು ಜನ ಹಮಾಲರು ನನ್ನ ಕೋಣೆಯಲ್ಲಿ ಕೂತರು. ಒಂದೇ ಕೋಣೆ. ಒಂದು ಒಲೆ, ಒಂದು ಕಿಟಕಿ. ಮೈದುನ ಇದ್ದ. ಎಲ್ಲರಿಗಿಂತ ಹಿರಿಯ ಹಮಾಲ, ನಾವು ಮುದುಕಪ್ಪ ಅನ್ನುತ್ತಿದ್ದವನು, ಇದ್ದ. ಎರಡು ಚೀಲ ಒಟ್ಟಿಗೆ ಹೊರುತ್ತಿದ್ದ ಗೂಳಿ ಇದ್ದ. ಅವನ ಕುತ್ತಿಗೆ ನೋಡಿದವರಿಗೆ ಆ ಹೆಸರು ಯಾಕೆ ಅಂತ ಕೇಳಬೇಕಾಗಿರಲಿಲ್ಲ. ಹೆಂಗಸರು ನಾವಿಬ್ಬರು. ನಾನು, ಮತ್ತೆ ಪಕ್ಕದ ಕೋಣೆಯ ಪಟಪಟಿ. ಪಟಪಟಿ ನನಗಿಂತ ಹತ್ತು ವರ್ಷ ದೊಡ್ಡವಳು. ಹೊಲಿಗೆ ನಿಲ್ಲಿಸಿದರೂ ಮಾತು ನಿಲ್ಲಿಸುವವಳಲ್ಲ. ಗಂಡ ಇಲ್ಲ, ಮಕ್ಕಳಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ.

ಆ ಸಂಜೆ ಅವಳೂ ಬಾಯಿ ಮುಚ್ಚಿ ಕೂತಿದ್ದಳು. ನನಗೆ ಸಿಟ್ಟು ಬಂತು. ಅಳು ಬರಲಿಲ್ಲ.

"ಏನು ಕೂತಿದ್ದೀರಿ? ನಾಳೆ ನೀವೂ ಹೀಗೇ ಹೋಗೋದು. ಕಾಲು ಜೋತಾಡಿಸ್ಕೊಂಡು. ಚರಂಡೀಲಿ ಬಿದ್ದು ಎದ್ದು."

"ಏನು ಮಾಡೋಕಾಗತ್ತೆ ಅತ್ತಿಗೆ?" ಅಂದ ಮೈದುನ.

"ಆರು ಜನ ಇದ್ದೀರಿ. ಹನ್ನೆರಡು ಹೆಗಲು. ಬೆಳಗಿಂದ ಸಂಜೆವರೆಗೂ ಆ ಯಜಮಾನನ ಕಾಳು ಹೊರ್ತೀರಿ. ಒಬ್ಬ ಮನುಷ್ಯನ್ನ ಹೊರೋಕೆ ಗಾಡಿ ಬೇಕಾ ನಿಮಗೆ?"

ಮುದುಕಪ್ಪ ತಲೆ ಎತ್ತಿದ. ಪಟಪಟಿಗೆ ಬಾಯಿ ಬಂತು.

"ಅವರಿಗೊಂದು ಸಭೆ ಇದ್ರೆ ನಮಗೂ ಒಂದು ಇರಲಿ. ಸತ್ರೆ ಹೊರೋದು. ಕಾಯಿಲೆ ಬಿದ್ರೆ ಪಕ್ಕ ಕೂರೋದು. ಮನೇಲಿ ಒಲೆ ಆರದ ಹಾಗೆ ನೋಡ್ಕೊಳ್ಳೋದು. ಅಷ್ಟೇ. ಇದಕ್ಕೇನು ವಕೀಲನ್ನ ಕೇಳಬೇಕಾ?"

ಹೆಸರು ಇಟ್ಟವಳೂ ಅವಳೇ. ಹೆಗಲು ಸಂಘ. ಅವತ್ತು ಎಂಟು ಜನ ಒಬ್ಬರ ಹೆಗಲ ಮೇಲೊಬ್ಬರು ಕೈ ಇಟ್ಟು ಮಾತು ಕೊಟ್ಟೆವು. ಎಂಟು ಜನ. ಆರು ಅಲ್ಲ. ಈಗ ಸಂಘದ ಸಭೆಯ ಹಾಲಿನ ಗೋಡೆಗೆ ಹಾಕಿರುವ ಕಲ್ಲಿನಲ್ಲಿ ಆರು ಹೆಸರಿವೆ. ಆ ಕಲ್ಲು ಸುಳ್ಳು ಹೇಳುತ್ತದೆ.

ಮೊದಲ ಮೂರು ವರ್ಷ ಸಂಘ ಅಂದರೆ ನನ್ನ ಕೋಣೆ. ವಾರಕ್ಕೊಮ್ಮೆ ಸೈರನ್ ಆದ ಮೇಲೆ ಬರುತ್ತಿದ್ದರು. ಹೆಣ ಹೊರಲು ಒಂದು ಹಲಗೆ ಮಾಡಿಸಿದೆವು. ಉದ್ದದ್ದು, ಗಟ್ಟಿಯದ್ದು, ನಾಲ್ಕು ಮೂಲೆಗೆ ನಾಲ್ಕು ಹಿಡಿ. ಅದರ ಮೇಲೆ ಮೂರು ಮಡಿಕೆ ಗೋಣಿ ಹಾಕಿ ನಾನೇ ಹೊಲಿದೆ. ಸತ್ತವರ ಬೆನ್ನಿಗೆ ಒತ್ತದಿರಲಿ ಅಂತ. ಸತ್ತವರಿಗೇನು ಒತ್ತುತ್ತದೆ ಅಂತ ಗೂಳಿ ಕೇಳಿದ. ನನಗೆ ಒತ್ತುತ್ತದೆ ಅಂದೆ. ಹೊರುವವರಿಗೆ ಗೋಣಿಯ ಪಟ್ಟಿ ಹೊಲಿದೆವು, ಎಡ ಹೆಗಲಿಂದ ಬಲ ಸೊಂಟಕ್ಕೆ. ಅಂಚಿಗೆ ಕೆಂಪು ಸುತಳಿ. ಅದನ್ನು ಹಾಕಿಕೊಂಡು ನಾಲ್ಕು ಜನ ಹಮಾಲರು ಪೇಟೆಯ ನಡುವೆ ಹಲಗೆ ಹೊತ್ತು ಹೋದರೆ ಮೆಟ್ಟಿಲ ಮೇಲೆ ನಿಂತವರು ಸುಮ್ಮನಾಗುತ್ತಿದ್ದರು. ಬೇಗ ಬೇಗ ಅಂತ ಯಾರೂ ಅನ್ನಲಿಲ್ಲ.

ಒಳ್ಳೆಯ ಸಂಘವಾಗಿತ್ತು. ಅದನ್ನೂ ಹೇಳಬೇಕು. ಬೆನ್ನುಮೂಳೆ ಜಾರಿ ಮಲಗಿದವನ ಮನೆಗೆ ಸರದಿಯಲ್ಲಿ ನೀರು ಹೊತ್ತರು. ಇನ್ನೊಮ್ಮೆ ಅಟ್ಟಿ ಒದ್ದೆ ಹಿಡಿದಾಗ ನಾನು ಹೇಳಿದೆ, ಮೂವತ್ತು ಜನ ಚೀಲ ಕೆಳಗಿಟ್ಟು ನಿಂತರು. ಯಜಮಾನ ಆ ಅಟ್ಟಿ ಬಿಚ್ಚಿಸಿದ. ಆ ಮೊದಲ ಅಟ್ಟಿಯನ್ನೂ ಅಷ್ಟೇ ಬೇಗ ಬಿಚ್ಚಿಸಬಹುದಿತ್ತು ಅಂತ ನನಗೆ ಆವತ್ತು ಗೊತ್ತಾಯಿತು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಗೋಡೆಗೆ ಗುದ್ದಿದೆ.

ಜನ ಹೆಚ್ಚಾದರು. ಆರು ಅರವತ್ತಾಯಿತು. ಆಗ ಶುರುವಾಯಿತು ಗುಟ್ಟು. ದೊಡ್ಡವರ ಸಭೆಯಲ್ಲಿ ಗುಟ್ಟಿನ ಮಾತು, ಗುಟ್ಟಿನ ಕೈಕುಲುಕು ಇದೆಯಂತೆ. ಹಾಗಾದರೆ ನಮ್ಮಲ್ಲೂ ಇರಬೇಡವಾ? ಬಾಗಿಲಿಗೆ ಮೂರು ಸಲ ಬಡಿಯುವುದು, ನಿಲ್ಲಿಸಿ ಒಂದು ಸಲ ಬಡಿಯುವುದು. ಒಳಗಿನವನು "ಹೊರೆ ಏನು?" ಅನ್ನಬೇಕು. ಹೊರಗಿನವನು "ಹೆಗಲು ಇದೆ" ಅನ್ನಬೇಕು. ಪದವಿಗಳು ಬಂದವು. ಮೈದುನ ಹಿರಿಯಣ್ಣನಾದ. ಅವನ ಕೆಳಗೆ ನಡುವಣ್ಣ. ಬಾಗಿಲು ಕಾಯಲು ಗೂಳಿ, ಬಾಗಿಲಣ್ಣ. ಕೈಗೊಂದು ದೊಣ್ಣೆ.

ಒಂದು ಸಂಜೆ ಮೈದುನ ತಲೆ ಕೆರೆದುಕೊಂಡು ನಿಂತ.

"ಅತ್ತಿಗೆ, ಪ್ರತಿಜ್ಞೆ ಮಾಡಿಸೋ ಹೊತ್ತಲ್ಲಿ ನೀವಿಬ್ಬರೂ ಸ್ವಲ್ಪ ಹೊರಗೆ..."

"ನನ್ನ ಕೋಣೆಯಿಂದ ನಾನು ಹೊರಗಾ?"

"ಗುಟ್ಟು ಅಲ್ವಾ."

ಪಟಪಟಿ ನಕ್ಕಳು. "ಅಯ್ಯೋ, ನಿಮ್ಮ ಗುಟ್ಟು ಪಕ್ಕದ ಮನೆ ಬೆಕ್ಕಿಗೂ ಗೊತ್ತು. ಹೊರೆ ಏನು ಅಂದ್ರೆ ಅದು ಮಿಯಾವ್ ಅನ್ನತ್ತೆ." ನಕ್ಕು ಎದ್ದು ಹೊರಗೆ ಹೋದಳು. ನಾನೂ ಹೋದೆ. ಹೊಸಿಲ ಆಚೆ ಕೂತು ಅವರ ಪಟ್ಟಿಗೆ ಅಂಚು ಹೊಲಿದೆವು. ಗಂಡಸರ ಆಟ ಅಂದುಕೊಂಡೆವು. ಅವತ್ತು ಎದ್ದು ಹೋದದ್ದು ನನ್ನ ತಪ್ಪು. ಹೋಗಬಾರದಿತ್ತು.

ಐದನೇ ವರ್ಷ ಸಭೆಗೆ ಅಂತ ಒಂದು ಹಾಲು ಕಟ್ಟುವ ಮಾತು ಬಂತು. ಜಾಗ ಕೊಟ್ಟವನು ಯಜಮಾನ. ಗೋದಾಮಿನ ಹಿಂದೆ ಹಾಳುಬಿದ್ದ ಶೆಡ್ಡು, ಅದರ ಸುತ್ತಲಿನ ನೆಲ. ಬಳಸಿಕೊಳ್ಳಿ ಅಂದ. ಬರೆದು ಕೊಡಲಿಲ್ಲ. ಮೂವತ್ತು ಜನ ಚೀಲ ಕೆಳಗಿಟ್ಟ ದಿನದಿಂದ ಅವನಿಗೆ ನಮ್ಮ ಸಂಘದ ಮೇಲೆ ಪ್ರೀತಿ ಉಕ್ಕಿತ್ತು.

ಶೆಡ್ಡು ಕೆಡವಿದವರು ಗಂಡಸರು. ಇಟ್ಟಿಗೆ ಹೊತ್ತವರು ನಾವು. ಹದಿನಾರು ಜನ ಹೊಲಿಗೆಯವರು. ಇಡೀ ದಿನ ಬಗ್ಗಿ ಚೀಲ ಹೊಲಿದು, ಸೈರನ್ ಆದ ಮೇಲೆ ತಲೆ ಮೇಲೆ ಎಂಟೆಂಟು ಇಟ್ಟಿಗೆ. ಏಣಿ ಹತ್ತಿ ಇಳಿದೆವು. ಸುಣ್ಣ ಕಲಸಿದೆವು. ಸುಣ್ಣ ಬೆರಳ ಸಂದಿ ತಿಂದಿತು. ಮರುದಿನ ಅದೇ ಬೆರಳಲ್ಲಿ ದಬ್ಬಣ ಹಿಡಿದರೆ ಸುತಳಿ ಕೆಂಪಾಗುತ್ತಿತ್ತು. ಪಟಪಟಿಗೆ ಆಗಲೇ ಕೆಮ್ಮು ಹತ್ತಿತ್ತು. ಇಪ್ಪತ್ತೈದು ವರ್ಷದ ಗೋಣಿಯ ದೂಳು ಎದೆಯಲ್ಲಿತ್ತು. ಏಣಿಯ ನಡುವೆ ನಿಂತು ಕೆಮ್ಮುತ್ತಿದ್ದಳು. ತಲೆಯ ಮೇಲಿನ ಇಟ್ಟಿಗೆ ಬೀಳಿಸುತ್ತಿರಲಿಲ್ಲ.

"ನೀನು ಕೆಳಗೆ ಕೂರು," ಅಂದೆ.

"ಕೂತ್ರೆ ಆಗತ್ತಾ? ನನ್ನನ್ನ ಹೊರೋರು ಯಾರಿದ್ದಾರೆ, ಇವರೇ ತಾನೆ? ಮನೆ ಚೆನ್ನಾಗಿರಲಿ ಬಿಡು ಅವರದ್ದು."

ಆರು ತಿಂಗಳಾಯಿತು. ಹಾಲು ಎದ್ದಿತು. ಎತ್ತರದ ಬಾಗಿಲು, ಬಾಗಿಲಲ್ಲಿ ಮುಖದಷ್ಟು ಕಿಂಡಿ, ಒಳಗೆ ಸಾಲು ಬೆಂಚು, ಗೋಡೆಗೆ ಎರಡು ಗೂಟ ಹೊಡೆದು ಹಲಗೆ. ಉದ್ಘಾಟನೆಯ ದಿನ ಹದಿನಾರು ಜನವೂ ತಲೆ ಬಾಚಿ, ಒಗೆದ ಬಟ್ಟೆ ಉಟ್ಟು ಹೋದೆವು. ನಾನು ಮೊದಲ ಮೆಟ್ಟಿಲು ಹತ್ತಿದೆ. ಗೂಳಿಯ ದೊಣ್ಣೆ ನನ್ನ ಎದೆಗೆ ಅಡ್ಡ ಬಂತು. ತಟ್ಟಲಿಲ್ಲ. ಅಡ್ಡ ನಿಂತಿತು ಅಷ್ಟೆ.

"ಅತ್ತಿಗೆ, ನಿಯಮ," ಅಂದ. ಅವನ ಮುಖ ಬೆವರಿತ್ತು. ಅವನ ಮಗಳಿಗೆ ಜ್ವರ ಏರಿದಾಗ ಮೂರು ದಿನ ಒದ್ದೆ ಬಟ್ಟೆ ಹಾಕಿ ಕೂತವಳು ನಾನು.

"ಯಾವ ನಿಯಮ?"

"ಸೋದರರಿಗೆ ಮಾತ್ರ."

ಆ ಮಾತು ಮೊದಲು ಯಾವ ಗೇಟಲ್ಲಿ ಕೇಳಿಬಂದಿತ್ತು ಅಂತ ಅವನಿಗೂ ಗೊತ್ತಿತ್ತು. ಕಣ್ಣು ಕೆಳಗೆ ಹಾಕಿದ.

ತೆರೆದ ಬಾಗಿಲಿಂದ ಒಳಗಿನದ್ದು ಕಂಡಿತು. ವೇದಿಕೆಯ ಮೇಲೆ ಕುರ್ಚಿ. ಕುರ್ಚಿಯಲ್ಲಿ ಯಜಮಾನ. ಎಡ ಹೆಗಲಿಂದ ಬಲ ಸೊಂಟಕ್ಕೆ ಗೋಣಿಯ ಪಟ್ಟಿ. ಅಂಚಿಗೆ ಕೆಂಪು ಸುತಳಿ. ನಾನು ಹೊಲಿದದ್ದು. ಹಿಂದಿನ ವಾರ ಮೈದುನ ಬಂದು, "ಒಂದು ಪಟ್ಟಿ ಸ್ವಲ್ಪ ಅಗಲ ಇರಲಿ ಅತ್ತಿಗೆ, ದಪ್ಪ ಮನುಷ್ಯ," ಅಂದಿದ್ದ. ಯಾರು ಅಂತ ನಾನು ಕೇಳಿರಲಿಲ್ಲ. ಈಗ ಎಲ್ಲರೂ ಎದ್ದು ನಿಂತು ಅವನನ್ನು ಮಹಾ ಅಣ್ಣ ಅಂತ ಕೂಗಿದರು. ಅಲ್ಲಿ ಸೋದರ, ಇಲ್ಲಿ ಮಹಾ ಅಣ್ಣ. ಎರಡೂ ಮನೆಯಲ್ಲಿ ಅವನಿಗೆ ಎಲೆ ಹಾಕಿತ್ತು.

ಮೈದುನ ಓಡಿ ಬಂದ. "ಅತ್ತಿಗೆ, ಇಲ್ಲಿ ಗಲಾಟೆ ಬೇಡ. ಜಾಗ ಬೇಕಿತ್ತಲ್ವಾ? ಒಂದು ಪಟ್ಟಿ ಹಾಕಿದ್ರೆ ನಮ್ಮ ಗಂಟೇನು ಹೋಗತ್ತೆ?" ಅಂದ. ಆಮೇಲೆ ದನಿ ತಗ್ಗಿಸಿ, "ಹಿಂದುಗಡೆ ಟೀ ಲೋಟ ಬಿದ್ದಿವೆ. ಸ್ವಲ್ಪ ನೋಡ್ಕೊಳ್ಳಿ," ಅಂದ.

ನಾನು ಲೋಟ ತೊಳೆದೆ. ನಿಜ ಹೇಳುತ್ತೇನೆ, ತೊಳೆದೆ. ನನ್ನ ಗಂಡನನ್ನು ಕೊಂದವನು ಕುಡಿದ ಲೋಟವೂ ಅದರಲ್ಲಿತ್ತು. ಪಟಪಟಿ ಪಕ್ಕದಲ್ಲಿ ಕೂತು ಒರೆಸುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ಅವಳು ಮಾತಾಡದೆ ಇದ್ದದ್ದನ್ನು ನಾನು ನೋಡಿದ್ದು ಎರಡೇ ಸಲ.

ಮುಂದಿನ ವರ್ಷ ಅವಳು ಸತ್ತಳು. ಬೆಳಗಿನ ಹೊತ್ತು, ಗೋದಾಮಿನಲ್ಲಿ, ಹೊಲಿಯುವ ಜಾಗದಲ್ಲೇ. ಕೆಮ್ಮಿದಳು, ಕೆಮ್ಮಿದಳು, ಮುಂದಿದ್ದ ಚೀಲದ ಮೇಲೆ ತಲೆ ಇಟ್ಟಳು. ಸುಧಾರಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ನನ್ನ ಎರಡು ಚೀಲ ಮುಗಿದರೂ ತಲೆ ಎತ್ತಲಿಲ್ಲ. ದಬ್ಬಣ ಅರ್ಧ ಹೊಲಿಗೆಯಲ್ಲಿ ನಿಂತಿತ್ತು. ಮೇಸ್ತ್ರಿ ಬಂದು ನೋಡಿ, "ಆ ಚೀಲ ಯಾರಾದ್ರೂ ಮುಗಿಸಿ," ಅಂದ.

ಮಧ್ಯಾಹ್ನ ಹಾಲಿಗೆ ಹೋದೆ. ಅವತ್ತು ಗೋದಾಮಿಗೆ ಅರ್ಧ ದಿನ ರಜ, ಅವರ ಸಭೆ ಇತ್ತು. ಮೂರು ಸಲ ಬಡಿದೆ, ನಿಲ್ಲಿಸಿ ಒಂದು ಸಲ ಬಡಿದೆ. ಕಿಂಡಿ ತೆರೆಯಿತು. ಗೂಳಿಯ ಕಣ್ಣು.

"ಹೊರೆ ಏನು?" ಅಂದುಬಿಟ್ಟ, ರೂಢಿಯ ಮೇಲೆ.

"ಪಟಪಟಿ ಸತ್ತಿದ್ದಾಳೆ. ಹಲಗೆ ಬೇಕು. ನಾಲ್ಕು ಜನ ಬೇಕು."

ಕಿಂಡಿ ಮುಚ್ಚಿತು. ಒಳಗೆ ಗುಸುಗುಸು. ನನ್ನ ಹಿಂದೆ ಹದಿನಾಲ್ಕು ಜನ ಹೆಂಗಸರು ಬಿಸಿಲಲ್ಲಿ ನಿಂತಿದ್ದರು. ತುಂಬ ಹೊತ್ತು ನಿಂತೆವು. ಕೊನೆಗೆ ಬಾಗಿಲು ಅರ್ಧ ತೆರೆಯಿತು. ಮೈದುನ ಬಂದ. ಪಟ್ಟಿ ಸರಿಮಾಡಿಕೊಂಡ.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ನಮಗೂ ಸಂಕಟನೇ. ಆದ್ರೆ ಹಲಗೆ ಸಂಘದ್ದು. ಸದಸ್ಯರಿಗೆ ಅಂತ ಬರೆದಿದೆ. ಇವಳಿಗೆ ಅಂತ ಮಾಡಿದ್ರೆ ನಾಳೆ ಎಲ್ಲರೂ ಕೇಳ್ತಾರೆ."

"ಯಾರು ಎಲ್ಲರೂ?"

"ಹೆಂಗಸರು."

"ಸಂಘಕ್ಕೆ ಹೆಸರಿಟ್ಟವಳು ಯಾರು?"

ಅವನು ಬಾಗಿಲ ಚಿಲಕ ಹಿಡಿದುಕೊಂಡ.

"ನಿನ್ನ ಅಣ್ಣನ ಹೆಣ ಮಣ್ಣು ಮಾಡಿ ಬಂದ ದಿನ ನಿನಗೆ ಗಂಜಿ ಕಾಸಿದವಳು ಯಾರು? ಈ ಗೋಡೆಗೆ ಇಟ್ಟಿಗೆ ಹೊತ್ತವಳು ಯಾರು?"

"ಅದೆಲ್ಲ ಸರಿ ಅತ್ತಿಗೆ..."

ಒಳಗಿನಿಂದ ಯಜಮಾನನ ದನಿ ಬಂತು. ಸಿಟ್ಟಿನ ದನಿಯಲ್ಲ. ಒಳ್ಳೆಯ ಸಲಹೆ ಕೊಡುವವನ ದನಿ. "ಗೋದಾಮಲ್ಲಿ ತಳ್ಳುಗಾಡಿ ಇದೆಯಲ್ಲಮ್ಮ. ತಗೊಂಡು ಹೋಗಿ. ಮೇಸ್ತ್ರಿಗೆ ನಾನು ಹೇಳಿದೆ ಅನ್ನಿ."

ಮೈದುನನ ಮುಖ ಬಿಳುಚಿತು. ಅವನಿಗೆ ನೆನಪಾಯಿತು. ನೆನಪಾದದ್ದನ್ನು ನಾನು ಕಂಡೆ. ಆದರೂ ಅವನು ತಿರುಗಿ ಆ ಮನುಷ್ಯನಿಗೆ ಒಂದು ಮಾತು ಹೇಳಲಿಲ್ಲ. ಬಾಗಿಲ ಚೌಕಟ್ಟಿನಲ್ಲಿ ನಿಂತೇ ಇದ್ದ.

"ಆಗಲ್ಲ," ಅಂದೆ.

"ಏನು ಆಗಲ್ಲ?"

"ಗಾಡಿ ಆಗಲ್ಲ."

ಅವನನ್ನು ಭುಜದಿಂದ ನೂಕಿದೆ. ಒಳಗೆ ಹೋದೆ. ಆ ನೆಲ ನಾನು ಬಳಿದದ್ದು, ಕಟ್ಟಿ ಮುಗಿದ ಮೇಲೆ ಅದರ ಮೇಲೆ ಮೊದಲ ಸಲ ಕಾಲಿಟ್ಟೆ. ಅರವತ್ತು ಜನ ಬೆಂಚಿನಿಂದ ಎದ್ದರು. ಗೂಳಿ ದೊಣ್ಣೆ ಎತ್ತಿದ.

"ಹೊಡಿ," ಅಂದೆ. "ನಿನ್ನ ಮಗಳಿಗೆ ಹೋಗಿ ಹೇಳು, ಯಾರಿಗೆ ಹೊಡೆದೆ ಅಂತ."

ದೊಣ್ಣೆ ಕೆಳಗಿಳಿಯಿತು. ಗೋಡೆಯ ಹತ್ತಿರ ಹೋಗಿ ಹಲಗೆಗೆ ಕೈ ಹಾಕಿದೆ. ಎತ್ತರದಲ್ಲಿತ್ತು. ಬೆಂಚು ಎಳೆದು ಹತ್ತಿದೆ. ಇಳಿಸಿಕೊಡಲು ಯಾರೂ ಬರಲಿಲ್ಲ, ತಡೆಯಲೂ ಬರಲಿಲ್ಲ. ಯಜಮಾನ, "ಇದೇನು, ಇದೇನು ಇದು," ಅನ್ನುತ್ತಿದ್ದ. ಹಿಂದಿನಿಂದ ಮೂವರು ಹೆಂಗಸರು ಬಂದರು. ನಾಲ್ವರೂ ಹಲಗೆ ಎತ್ತಿಕೊಂಡು ಬಾಗಿಲಿಗೆ ಬಂದೆವು. ಬಾಗಿಲಲ್ಲಿದ್ದವರು ದಾರಿ ಬಿಟ್ಟರು.

ಹೆಣ ಹೊರುವುದು ಹೇಗೆ ಅಂತ ನಮಗೆ ಗೊತ್ತಿರಲಿಲ್ಲ. ಹಮಾಲರ ಹೆಗಲಲ್ಲಿ ಗಂಟು ಕಟ್ಟಿರುತ್ತದೆ, ಹಿಡಿ ಅದರ ಮೇಲೆ ಕೂರುತ್ತದೆ. ನಮ್ಮದು ಮೂಳೆ. ಒಬ್ಬಳು ಕುಳ್ಳಿ, ಒಬ್ಬಳು ಉದ್ದ. ಹಲಗೆ ಓಲಾಡಿತು. ಪಟಪಟಿ ಜಾರದ ಹಾಗೆ ಇಬ್ಬರು ಪಕ್ಕದಿಂದ ಹಿಡಿದರು. ಇಪ್ಪತ್ತು ಹೆಜ್ಜೆಗೊಮ್ಮೆ ಹೆಗಲು ಬದಲಾಯಿಸಿದೆವು. ಪೇಟೆಯಲ್ಲಿ ಎಲ್ಲರೂ ಬಾಯಿ ಬಿಟ್ಟು ನೋಡಿದರು. ಯಾರೋ ನಕ್ಕರು. ನಮ್ಮಲ್ಲೊಬ್ಬಳು ಹಲಗೆ ಹೊತ್ತೇ ಅವನಿಗೆ ಬೈದಳು. ಅವನ ಮೂರು ತಲೆಮಾರು ನಡುಗುವ ಹಾಗೆ ಬೈದಳು. ಪಟಪಟಿ ಬದುಕಿದ್ದರೆ ಕೇಳಿ ಖುಷಿಪಡುತ್ತಿದ್ದಳು.

ಅರ್ಧ ದಾರಿಯಲ್ಲಿ ಮುದುಕಪ್ಪ ಏದುಸಿರು ಬಿಡುತ್ತಾ ಹಿಂದಿನಿಂದ ಬಂದ. ಪಟ್ಟಿ ತೆಗೆದು ಕೈಯಲ್ಲಿ ಹಿಡಿದಿದ್ದ.

"ಅಮ್ಮಾ, ನಾನೊಂದು ಹೆಗಲು ಕೊಡ್ತೀನಿ."

ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಆದರೂ, "ಇವತ್ತು ಬೇಡ," ಅಂದೆ. ಅವನು ಹಲಗೆಯ ಹಿಂದೆ ನಡೆದು ಬಂದ. ಗುಂಡಿಯನ್ನೂ ನಾವೇ ಮುಚ್ಚಿದೆವು. ಹಲಗೆ ನನ್ನ ಕೋಣೆಗೇ ಬಂತು.

ಮರುದಿನ ಹದಿನೈದು ಜನ ಗೋದಾಮಿಗೆ ಹೋದೆವು, ಒಳಗೆ ಹೋಗಲಿಲ್ಲ. ಗೇಟಿನ ಮುಂದೆ ಕೂತೆವು. ದಬ್ಬಣ ಸೆರಗಿನಲ್ಲಿ ಸಿಕ್ಕಿಸಿಕೊಂಡೆವು. ಮೇಸ್ತ್ರಿ ಕೂಗಾಡಿದ. ಚೀಲಗಳು ಬಾಯಿ ತೆರೆದುಕೊಂಡು ಸಾಲಾಗಿ ನಿಂತಿದ್ದವು. ಬಾಯಿ ಹೊಲಿಯದ ಚೀಲ ಹೊರಲು ಬರುವುದಿಲ್ಲ. ಗಂಡಸರೇ ಹೊಲಿಯಲು ಕೂತರು. ಬೆರಳು ಚುಚ್ಚಿಕೊಂಡರು, ಬೈದುಕೊಂಡರು. ಎರಡನೇ ದಿನ ಗೂಳಿ ತಾನೇ ಹೊಲಿದ ಚೀಲ ಹೊತ್ತು ಲಾರಿ ಹತ್ತುವಾಗ ಹೊಲಿಗೆ ಬಿಚ್ಚಿ ಕುತ್ತಿಗೆಯಿಂದ ಅಂಗಿಯೊಳಗೆ ಕಾಳು ಸುರಿಯಿತು. ನಾವು ಹದಿನೈದು ಜನ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವತ್ತು ಮನೆಗಳಲ್ಲಿ ಒಲೆ ಹೊತ್ತಿರಲಿಲ್ಲ. ಆದರೂ ನಕ್ಕೆವು. ಯಜಮಾನ ಹೊರಗಿನಿಂದ ಹೊಲಿಗೆಯವರನ್ನು ಲಾರಿಯಲ್ಲಿ ತಂದ. ಅವರು ಗೇಟಲ್ಲಿ ಇಳಿದು, ಏನಾಯಿತು ಅಂತ ನಮ್ಮನ್ನು ಕೇಳಿದರು. ಹೇಳಿದೆವು. ಅವರಲ್ಲೊಬ್ಬಳು ಹಿರಿಯವಳು ಲಾರಿ ಹತ್ತಿ ಕೂತು, "ತಿರುಗಿಸಪ್ಪ," ಅಂದಳು.

ನಾಲ್ಕನೇ ದಿನ ಸಂಜೆ ಮೈದುನ ನನ್ನ ಕೋಣೆಗೆ ಬಂದ. ಪಟ್ಟಿ ಹಾಕಿರಲಿಲ್ಲ. ಒಲೆಯ ಪಕ್ಕ ಕೂತ.

"ಅತ್ತಿಗೆ, ಒಂದು ದಾರಿ ಮಾಡಿದ್ದೀವಿ. ಸೋದರಿಯರ ವಿಭಾಗ ಅಂತ. ಹಿಂದುಗಡೆ ಒಂದು ಕೋಣೆ ಹಾಕಿಸಿಕೊಡ್ತಾರಂತೆ. ಹಲಗೆ ವಾಪಸ್ ಹಾಲಿಗೆ ಬಂದ್ರೆ, ಕೇಳಿದಾಗ ಕೊಡಬಹುದು."

"ಹಾಕಿಸಿಕೊಡೋರು ಯಾರು?"

"...ಯಜಮಾನ್ರು."

"ಅವನು ಸಂಘದಲ್ಲಿರ್ತಾನಾ?"

"ಅವರು ಮಹಾ ಅಣ್ಣ ಅಲ್ವಾ ಅತ್ತಿಗೆ."

ನಾನು ಎದ್ದು ನಿಂತೆ.

"ನಿನಗೆ ಒಬ್ಬ ಅಣ್ಣ ಇದ್ದ. ನಿನ್ನನ್ನ ಹೆಗಲ ಮೇಲೆ ಹೊತ್ತು ಬೆಳೆಸಿದ. ಅವನ ಮೂಗಿನಿಂದ ಕಾಳು ತೆಗೆದವಳು ನಾನು. ಅವನ ಕಾಲು ಎತ್ತಿ ಗಾಡಿಗೆ ಹಾಕಿದವನು ನೀನು. ಈಗ ಯಾರನ್ನ ಅಣ್ಣ ಅಂತಿದ್ದೀಯ? ಬಾಯಿ ಬಿಟ್ಟು ಹೇಳು. ನಿನ್ನ ಅಣ್ಣ ಯಾರು?"

ಅವನು ಅತ್ತ. ನಲವತ್ತು ವರ್ಷದ ಗಂಡಸು, ಮೂಗು ಸೋರಿಸಿಕೊಂಡು ಅತ್ತ. ನಾನು ಸಮಾಧಾನ ಮಾಡಲಿಲ್ಲ. ಅವನ ಅಣ್ಣ ಸತ್ತ ದಿನ ಅಳಬೇಕಿದ್ದ ಅಳು ಅದು, ತಡವಾಗಿ ಬಂತು. ತಡವಾಗಿ ಬಂದದ್ದಕ್ಕೆ ನಾನು ಸೆರಗು ಕೊಡಬೇಕಾ?

ಮರುದಿನ ಹಾಲಿನಲ್ಲಿ ಎಲ್ಲರ ಮುಂದೆ ಅವನು ಯಜಮಾನನ ಎದುರು ನಿಂತನಂತೆ. ಮುದುಕಪ್ಪ ಬಂದು ಹೇಳಿದ. "ಆ ಪಟ್ಟಿ ತೆಗೀರಿ," ಅಂದನಂತೆ. ಯಜಮಾನ ನಕ್ಕು, "ನೀವು ನಿಂತಿರೋ ನೆಲ ಯಾರದ್ದು?" ಅಂದನಂತೆ. "ನೆಲ ನಿಮ್ಮದು. ಪಟ್ಟಿ ನಮ್ಮ ಅತ್ತಿಗೆ ಹೊಲಿದದ್ದು," ಅಂದನಂತೆ ಮೈದುನ. ಯಜಮಾನ ಪಟ್ಟಿ ಬಿಚ್ಚಿ ನೆಲಕ್ಕೆ ಹಾಕಲಿಲ್ಲ, ಹಾಕಿಕೊಂಡೇ ಹೊರಗೆ ಹೋದ. ಹೋಗುತ್ತಾ ಬೀಗ ತರಿಸಿದ.

ಎದ್ದು ಮೈದುನನ ಹಿಂದೆ ಬಂದವರು ಇಪ್ಪತ್ತು ಜನ. ಮಿಕ್ಕವರು ಯಜಮಾನನ ಕಡೆಗೇ ಉಳಿದರು. ನಾವು ಇಟ್ಟಿಗೆ ಹೊತ್ತ ಹಾಲು, ಬೆಂಚು, ಬಾಗಿಲು, ಕಿಂಡಿ ಎಲ್ಲ ಅವರ ಪಾಲಾಯಿತು. ಈಗಲೂ ಅದರ ಹೆಸರು ಹೆಗಲು ಸಂಘವೇ. ಈಗಲೂ ಅಲ್ಲಿ ಸೋದರರಿಗೆ ಮಾತ್ರ.

ಎಂಟನೇ ದಿನ ಯಜಮಾನ ಸೋತ. ಬಾಯಲ್ಲಿ ಸೋತೆ ಅನ್ನಲಿಲ್ಲ. ಕಾಳಿಗೆ ಹುಳ ಬೀಳುತ್ತಿತ್ತು. ಮೇಸ್ತ್ರಿ ಗೇಟಿಗೆ ಬಂದು, "ಒಳಗೆ ಬನ್ನಿ," ಅಂದ. ಕೊಳೆತ ಗೋಣಿ ಅಂತ ನಾವು ಹೇಳಿದ ಚೀಲ ಅಟ್ಟಿಗೆ ಹೋಗಕೂಡದು ಅಂದೆವು. ಆಗಲಿ ಅಂದ. ಒಳಗೆ ಹೋಗಿ ಕೂತೆವು.

ಆ ವಾರ ನಾವು ಹದಿನೈದು ಜನ ಹೆಂಗಸರು, ನಮ್ಮ ಬೀದಿ ನಲ್ಲಿಯ ಹಿಂದಿನ ಬಯಲಲ್ಲಿ, ಹಾಡುಹಗಲಲ್ಲಿ, ಎಲ್ಲರಿಗೂ ಕಾಣುವ ಹಾಗೆ ಕೂತು ಹೊಸದಾಗಿ ಸಂಘ ಕಟ್ಟಿದೆವು. ಗುಟ್ಟಿಲ್ಲ, ಬಡಿತ ಇಲ್ಲ, ಪದವಿ ಇಲ್ಲ. ಸೇರಬೇಕು ಅಂದವರು ಎದುರು ಬಂದು ನಿಲ್ಲಬೇಕು. ಕಟ್ಟಿದ ಹದಿನೈದು ಜನ ಕೈ ಎತ್ತಬೇಕು. ಹೆಚ್ಚು ಕೈ ಎದ್ದರೆ ಒಳಗೆ.

ಇಪ್ಪತ್ತೊಂದು ಜನ ಗಂಡಸರು ಸಾಲಾಗಿ ನಿಂತರು. ಗೂಳಿಯೂ ಬಂದಿದ್ದ. ದೊಣ್ಣೆ ಇಲ್ಲದೆ ಕೈ ಎಲ್ಲಿಡಬೇಕು ಅಂತ ಅವನಿಗೆ ತಿಳಿಯುತ್ತಿರಲಿಲ್ಲ. ಮುದುಕಪ್ಪ ಮೊದಲು ಬಂದ. ಹದಿನೈದು ಕೈ ಎದ್ದವು. ಗೂಳಿಗೆ ಹನ್ನೊಂದು. ನನ್ನದು ಅದರಲ್ಲಿತ್ತು.

ಕೊನೆಯಲ್ಲಿ ಮೈದುನ ಬಂದ. ಅವನು ಬೇಕೆಂದೇ ಕೊನೆಯಲ್ಲಿ ನಿಂತಿದ್ದ. ತಲೆ ತಗ್ಗಿಸಿರಲಿಲ್ಲ. ಸೀದಾ ನನ್ನನ್ನೇ ನೋಡಿದ. ಸುತ್ತಲೂ ಒಂದೊಂದೇ ಕೈ ಎದ್ದವು. ಅವನು ತಪ್ಪು ಒಪ್ಪಿದ್ದಾನೆ, ಯಜಮಾನನ ಎದುರು ನಿಂತಿದ್ದಾನೆ, ಹಾಲು ಕಳಕೊಂಡಿದ್ದಾನೆ. ಎಲ್ಲ ನಿಜ. ಹದಿನಾಲ್ಕು ಕೈ ಎದ್ದವು. ಪಕ್ಕದಲ್ಲಿದ್ದವಳು ಮೊಣಕೈಯಿಂದ ತಿವಿದು, "ಎತ್ತೇ, ನಿನ್ನ ಮೈದುನ ಕಣೇ," ಅಂದಳು.

ನನಗೆ ಕಂಡದ್ದು ಆ ಬಾಗಿಲ ಚೌಕಟ್ಟು. ತಳ್ಳುಗಾಡಿ ತಗೊಂಡು ಹೋಗಿ ಅಂದಾಗ ಅದರಲ್ಲಿ ಸುಮ್ಮನೆ ನಿಂತಿದ್ದವನು.

ಕೈ ಮಡಿಲಲ್ಲೇ ಇತ್ತು. ಎತ್ತಲಿಲ್ಲ.

"ಹದಿನಾಲ್ಕು ಸಾಕು. ಬಾ, ಕೂರು," ಅಂದರು ಅವನಿಗೆ. ಅವನು ಬಂದು ಕೂತ. ನನ್ನ ಕಡೆ ನೋಡಿ, "ಸರಿ ಅತ್ತಿಗೆ," ಅಂದ, ಮೆಲ್ಲಗೆ.

ಆಮೇಲೆ ಎಷ್ಟೋ ಸಲ ಅವನೂ ನಾನೂ ಒಂದೇ ಹಲಗೆಗೆ ಹೆಗಲು ಕೊಟ್ಟಿದ್ದೇವೆ. ಅವನು ಮುಂದೆ, ನಾನು ಹಿಂದೆ. ಹೆಜ್ಜೆ ತಪ್ಪಿಸಿಲ್ಲ. ಅವನು ಸತ್ತರೆ ಹೊರುತ್ತೇನೆ, ಅದು ಸಂಘದ ಮಾತು. ಆ ಕೈ ಮಾತ್ರ ಎತ್ತುವುದಿಲ್ಲ.